ಪಾರಿವಾಳ, ಪರಿವಾರ

ಚೆಂಬೂರಿನ ಆ ಬಿಲ್ಡಿಂಗಿನಲ್ಲಿ ಕುಕ್ಕರ್ ಕೂಗಿದರೆ ಯಾರೂ ತಟ್ಟನೆ ಎದ್ದು ಗ್ಯಾಸ್ ಆರಿಸುತ್ತಿರಲಿಲ್ಲ. ಶ್ರೀಶೈಲ ಮನೆಯಲ್ಲಿದ್ದಾನೋ ಇಲ್ಲವೋ ಎಂದು ಮೊದಲು ನೋಡಿಕೊಳ್ಳುತ್ತಿದ್ದರು. ವಿಜಯಪುರದ ಕಡೆಯಿಂದ ಹುಡುಗನಾಗಿ ಬಂದು, ಗೊಬ್ಬರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಈ ಮನುಷ್ಯನ ಗಂಟಲಿನಲ್ಲಿ ಕುಕ್ಕರು, ಲೋಕಲ್ ಟ್ರೇನಿನ ಭೋಂಪು, ಮೀನು ಮಾರುವವಳ ಕೂಗು, ಸೊಸೈಟಿ ಸೆಕ್ರೆಟರಿಯ ಕೆಮ್ಮು ಎಲ್ಲವೂ ಬಾಡಿಗೆ ಕೊಡದೆ ವಾಸವಾಗಿದ್ದವು. ಮಿಮಿಕ್ರಿಯ ಜೊತೆಗೆ ಮಾತಿನ ಚಪಲ ಬೇರೆ. ಹೆಂಡತಿ ಕಡಿಮೆ ಪಾಯಸ ಬಡಿಸಿದರೆ, "ಹೆಸರಿಗಷ್ಟ ದಾನೇಶ್ವರಿ" ಎನ್ನುವನು. ಕನ್ನಡ ಸಂಘದವರು ಇದನ್ನೆಲ್ಲ ಶೈಲಿ ಅನ್ನದೆ 'ಶ್ರೀಶೈಲಿ' ಎಂದೇ ಕರೆಯುತ್ತಿದ್ದರು.

ಸೊಸೆ ಲಾವಣ್ಯ ಬಂದ ಮೇಲಂತೂ ಅವನಿಗೆ ಹಬ್ಬ. ಉಡುಪಿ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಗೋರೆಗಾಂವ್‌ನಲ್ಲಿ. ಮನೆಮಾತು ತುಳು, ಶಾಲೆಯದು ಇಂಗ್ಲಿಷ್, ಬೀದಿಯದು ಹಿಂದಿ. ಕನ್ನಡ ಅವಳಿಗೆ ಬಂದದ್ದು ಮದುವೆಯ ಜೊತೆ. ಬರುವಾಗ ಬಹುವಚನವನ್ನು ಮಂಟಪದಲ್ಲೇ ಮರೆತು ಬಂದಿತ್ತು. "ಮಾವ, ಚಾ ಕುಡಿ." "ಅತ್ತೆ, ಇಲ್ಲಿ ಕೂತ್ಕೊ." ದಾನೇಶ್ವರಿಗೆ ಮೊದಮೊದಲು ಮೈ ಉರಿಯುತ್ತಿತ್ತು. ಶ್ರೀಶೈಲ ಮಾತ್ರ, "ನಮ್ಮ ಲಾವಣ್ಯಾಗ ದೊಡ್ಡವರು ಸಣ್ಣವರು ಎಲ್ಲಾ ಒಂದ. ಆಕೀದು ಸಮಾಜವಾದ" ಎಂದು ನಗುತ್ತಿದ್ದ. ಮಗ ಅನಿಲಕುಮಾರನೂ ನಗುತ್ತಿದ್ದ. ಲಾವಣ್ಯಳೂ ನಗುತ್ತಿದ್ದಳು, ಆಗ.

ಮೊಮ್ಮಗಳಿಗೆ ಕೆಮ್ಮು ಶುರುವಾದಾಗ ಡಾಕ್ಟರು, ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ಪಾರಿವಾಳ ಕೂರಲು ಬಿಡಬೇಡಿ, ಅದರ ಹಿಕ್ಕೆಯ ಧೂಳು ಕೂಸಿಗೆ ಒಳ್ಳೆಯದಲ್ಲ ಎಂದರು. ಶ್ರೀಶೈಲ ಅದೇ ವಾರ ಸ್ಟೇಷನ್ ಬಳಿಯ ಅಂಗಡಿಯಿಂದ ಪಾರಿವಾಳ ಓಡಿಸುವ ಯಂತ್ರ ತಂದ. ಬಿಸಿಲು ಬಿದ್ದರೆ ತಾನಾಗಿ ನಡೆಯುತ್ತದೆ, ಕತ್ತಲಾದರೆ ತಾನಾಗಿ ನಿಲ್ಲುತ್ತದೆ. ಅದರ ಸದ್ದು ಹಕ್ಕಿಗಳಿಗೆ ಮಾತ್ರ ಕೇಳಿಸುತ್ತದೆ, ಮನುಷ್ಯರಿಗಲ್ಲ ಎಂದು ಅಂಗಡಿಯವನು ಹೇಳಿದ್ದನ್ನು ಅಂಗಡಿಯವನದೇ ಮೂಗಿನ ದನಿಯಲ್ಲಿ ಮನೆಯವರಿಗೆಲ್ಲ ಒಪ್ಪಿಸಿದ.

ಸ್ಟೂಲು ಹತ್ತಿ, ಯಂತ್ರವನ್ನು ಗೋಡೆಗೆ ಹಿಡಿದು, ಒಳಗಿದ್ದ ಸೊಸೆಯನ್ನು ಕೂಗಿದ: "ಲಾವಣ್ಯಾ, ಇಲ್ಲೇ ಹಾಕಲೇನವಾ?"

ಗ್ಯಾಲರಿಗೆ ಅಂಟಿದ ಕೋಣೆಯಲ್ಲೇ ತೊಟ್ಟಿಲಿತ್ತು. ಯಂತ್ರಕ್ಕೆ ಆಗಲೇ ಬಿಸಿಲು ತಾಗಿತ್ತು. ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದ ಲಾವಣ್ಯ ಮುಖ ಕಿವುಚಿ ಒಂದು ಮಾತು ಅಂದಳು. ಕೆಳಗೆ ರಿಕ್ಷಾಗಳ ಗದ್ದಲ. ಶ್ರೀಶೈಲನ ಕಿವಿಗೆ ಬಿದ್ದದ್ದು 'ಹಾಕು.'

"ಆತು. ಹೈಕಮಾಂಡ್ ಆರ್ಡರ್ ಬಂತು" ಎಂದು ಮೊಳೆ ಹೊಡೆದ.

ಮರುದಿನ ಮಧ್ಯಾಹ್ನ ಲಾವಣ್ಯ ಬಂದು ನಿಂತಳು. "ಮಾವ, ಅದು ಕೀಂ ಅಂತದೆ. ತಲೆ ಒಳಗೆ ಸೂಜಿ ಚುಚ್ಚಿದ ಹಾಗೆ. ಬಂದ್ ಮಾಡು ನಾ."

"ಎಲ್ಲಿ ಕೀಂ?" ಶ್ರೀಶೈಲ ಯಂತ್ರದ ಕೆಳಗೆ ನಿಂತು ಕಿವಿ ಕೊಟ್ಟ. ಏನೂ ಇಲ್ಲ. ಹೆಂಡತಿಯನ್ನು ಕರೆದ.

ದಾನೇಶ್ವರಿ ಸೆರಗನ್ನು ಕಿವಿಯ ಹಿಂದೆ ಸರಿಸಿ ಆಲಿಸಿದಳು. "ಫ್ಯಾನಿಂದು ಕೇಳತೈತಿ, ಗಡಿಯಾರದ್ದು ಕೇಳತೈತಿ. ನಿಮ್ಮ ಗೊರಕಿದಂತೂ ಬಿಲ್ಡಿಂಗಿಗೆಲ್ಲಾ ಕೇಳತೈತಿ. ಕೀಂ ಪಾಂ ಏನೂ ಇಲ್ಲ."

"ಮತ್ತ ಹಾಕು ಅಂದಾಕಿ ನೀನ ಅಲ್ಲೇನವಾ?" ಶ್ರೀಶೈಲ ಸೊಸೆಯತ್ತ ತಿರುಗಿದ.

"ನಾನು ಸಾಕು ಅಂದದ್ದು!"

"ನೋಡ, ಹಾಕು ಅಂದದ್ದು ಅಂತ ಒಪ್ಪಿಕೊಂಡಿ."

"ಸಾಕು, ಮಾವ! ಸಾಕು, ಸಾಕು!"

"ಅದನ್ನ ನಾನೂ ಹೇಳಾಕತ್ತೀನಿ. ಈಗ ಮತ್ತ ಮೂರು ಸಲ ಹಾಕು ಅಂದಿ."

ಗಂಡ ಎಂದಿನಂತೆ ಮಾತು ತಿರುಚುತ್ತಿದ್ದಾನೆ ಎಂದುಕೊಂಡು ದಾನೇಶ್ವರಿ ನಕ್ಕಳು. ಲಾವಣ್ಯಳಿಗೂ ಅವನು ಬೇಕೆಂದೇ ತಿರುಚುತ್ತಿದ್ದಾನೆ ಎನಿಸಿತು. ಅವಳು ನಗಲಿಲ್ಲ.

ಕೂಸು ಹಗಲಲ್ಲಿ ಆ ಕೋಣೆಯಲ್ಲಿ ಮಲಗದಾಯಿತು. ತೊಟ್ಟಿಲಿಗೆ ಹಾಕಿದರೆ ಕಿರುಚುವುದು, ಹೊರಗೆ ತಂದರೆ ತೆಪ್ಪಗಾಗುವುದು. ಸಂಜೆ ಕತ್ತಲಾದ ಮೇಲೆ ಎಲ್ಲ ಸರಿ. ಅನಿಲಕುಮಾರ ಬಾಂದ್ರಾದ ಆಫೀಸಿನಿಂದ ಬರುವ ಹೊತ್ತಿಗೆ ಯಂತ್ರವೂ ಸುಮ್ಮನೆ, ಮಗಳೂ ಸುಮ್ಮನೆ. ಹೆಂಡತಿಯ ದೂರು ಮಾತ್ರ ಎಚ್ಚರವಾಗಿರುತ್ತಿತ್ತು. ಒಂದು ಭಾನುವಾರ ಅವಳು ಅವನನ್ನು ಕೈಹಿಡಿದು ಗ್ಯಾಲರಿಗೆ ಎಳೆತಂದಳು. ಕಾಲೇಜಿನ ದಿನಗಳಿಂದ ಲೋಕಲ್‌ನಲ್ಲಿ ಇಯರ್‌ಫೋನ್ ತುರುಕಿಕೊಂಡೇ ಓಡಾಡಿದ ಕಿವಿ ಅವನದು. ಬಹಳ ಹೊತ್ತು ನಿಂತ.

"ಏನೋ ಇದ್ದಂಗೂ ಐತಿ," ಎಂದ, "ಇಲ್ಲದಂಗೂ ಐತಿ."

ಹಿಂದಿನಿಂದ ಶ್ರೀಶೈಲ ಗುಟುರ್‌ಗೂಂ ಎಂದು ಪಾರಿವಾಳದ ದನಿ ತೆಗೆದ. ಅನಿಲಕುಮಾರನಿಗೆ ನಗು ತಡೆಯಲಾಗಲಿಲ್ಲ. ತನಿಖೆ ಅಲ್ಲಿಗೇ ಮುಗಿಯಿತು. "ಥೋಡಾ ಅಡ್ಜಸ್ಟ್ ಕರೋ ನಾ" ಎಂದು ಹೆಂಡತಿಗೆ ಹೇಳಿ ಒಳಗೆ ಹೋದ.

ಲಾವಣ್ಯ ಅಡ್ಜಸ್ಟ್ ಮಾಡಿದಳು. ಯಂತ್ರದ ಮೇಲೆ ಹಳೆಯ ದುಪಟ್ಟಾ ಹೊದಿಸಿದಳು. "ಯಂತ್ರಕ್ಕೂ ಸೆರಗು ಹೊಚ್ಚಿಸೀಯೇನವಾ?" ಎಂದು ಶ್ರೀಶೈಲ ಅದನ್ನು ತೆಗೆದ. ತೊಟ್ಟಿಲನ್ನು ಅಡುಗೆಮನೆಗೆ ಸಾಗಿಸಿದಳು. ದಾನೇಶ್ವರಿಗೆ ಸಿಟ್ಟು ಬಂತು. "ಒಲಿ ಮುಂದ ಯಾರರ ತೊಟ್ಟಿಲ ಕಟ್ಟತಾರೇನ? ತವರುಮನಿಗೆ ಹೋಗಬೇಕಿದ್ರ ಹೋಗತೀನಿ ಅನ್ನು. ಕೂಸಿನ ನೆವಾ ಯಾಕ?"

ಪಾರಿವಾಳಗಳು ಮಾತ್ರ ಎಲ್ಲಿಗೂ ಹೋಗಲಿಲ್ಲ. ಒಂದು ಜೋಡಿ ಯಂತ್ರದ ನೆತ್ತಿಯ ಮೇಲೆಯೇ ಕೂತು ಮೈ ಕೆದರಿಕೊಳ್ಳುತ್ತಿತ್ತು. "ಶತ್ರು ಶರಣು ಬಂದೈತಿ" ಎಂದು ಶ್ರೀಶೈಲ ಅದಕ್ಕೂ ಒಂದು ಅರ್ಥ ಹಚ್ಚಿದ.

ಆ ತಿಂಗಳು ಸಂಘದ ಸಂಜೆ ಕಾರ್ಯಕ್ರಮ. ಕುಕ್ಕರು, ಟ್ರೇನು ಎಲ್ಲ ಕೇಳಿ ಕೇಳಿ ಜನರಿಗೆ ಬಾಯಿಪಾಠವಾಗಿತ್ತು. "ಹೊಸಾದೇನರ ಇದ್ರ ತೆಗೀರಿ" ಎಂದು ಯಾರೋ ಕೂಗಿದರು. ಶ್ರೀಶೈಲ ಒಂದು ಕೈ ಸೊಂಟದ ಮೇಲಿಟ್ಟು, ಅಲ್ಲಿಲ್ಲದ ಕೂಸನ್ನು ಕೂರಿಸಿಕೊಂಡ. ಇನ್ನೊಂದು ಕೈಯಿಂದ ಕಿವಿ ಮುಚ್ಚಿದ.

"ಮಾವ, ಅದು ಕೀಂ ಅಂತದೆ! ಅತ್ತೆ, ನಿನಗೆ ಕೀಂ ಕೇಳುದಿಲ್ವಾ? ಏ ಪಾರಿವಾಳಾ, ನೀನಾದ್ರೂ ಹೇಳು ನಾ, ಕೀಂ ಅಂತದೆ ಅಲ್ವಾ?"

ಸಭೆ ಬಿದ್ದು ಬಿದ್ದು ನಕ್ಕಿತು. ಅಷ್ಟು ಚೆನ್ನಾಗಿತ್ತು ಅದು. ಮಾತಿನ ನಡುವೆ ಅವಳು ಉಸಿರು ಎಳೆದುಕೊಳ್ಳುವ ರೀತಿ, ಅಳು ಬಂದಾಗ 'ನಾ' ಅನ್ನುವುದು ಕೊನೆಯಲ್ಲಿ ನಡುಗುವ ರೀತಿ, ಯಾವುದೂ ತಪ್ಪಿರಲಿಲ್ಲ. ಎರಡನೆಯ ಸಾಲಿನಲ್ಲಿ ಲಾವಣ್ಯ ಕೂಸಿನ ಟೊಪ್ಪಿಗೆಯ ದಾರ ಕಟ್ಟುತ್ತ ಕೂತಿದ್ದಳು. ಮುಂದಿನ ಸಾಲಿನ ಹೆಂಗಸರು ಹಿಂದೆ ತಿರುಗಿ ಅವಳನ್ನು ನೋಡಿ ಮತ್ತೆ ನಕ್ಕರು. ಅನಿಲಕುಮಾರನೂ ನಕ್ಕ, ಪಕ್ಕಕ್ಕೆ ತಿರುಗಿ ಅವಳ ಮುಖ ಕಂಡು ನಿಲ್ಲಿಸಿದ.

ಬೆಳಿಗ್ಗೆ ಅವಳು ಕೂಸಿನ ಬಟ್ಟೆ ತುಂಬಿದ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಳು.

"ಮಾವ, ಎಲ್ಲರ ಆವಾಜ್ ತೆಗಿತಿ ನೀನು. ಆ ಯಂತ್ರದ್ದು ಒಂದು ತೆಗಿ, ನೋಡುವ."

ಶ್ರೀಶೈಲ ಬಾಯಿ ತೆರೆದ. ತೆಗೆಯಲು ಏನೂ ಇರಲಿಲ್ಲ. "ಅದು ಸೈಲೆಂಟ್ ಐಟಂ ಅವಾ" ಎಂದ. ಲಾವಣ್ಯ ಲಿಫ್ಟಿನ ಬಟನ್ ಒತ್ತಿದಳು.

ಹೋದವಳು ಬೇಗ ಬರುತ್ತಾಳೆ ಎಂದುಕೊಂಡಿದ್ದರು. ಬರಲಿಲ್ಲ. ಅನಿಲಕುಮಾರ ಶನಿವಾರ ಗೋರೆಗಾಂವ್‌ಗೆ ಹೋಗಿ ಸೋಮವಾರ ಅಲ್ಲಿಂದಲೇ ಆಫೀಸಿಗೆ ಹೋಗತೊಡಗಿದ. ದಾನೇಶ್ವರಿ ಖಾಲಿ ತೊಟ್ಟಿಲನ್ನು ಮತ್ತೆ ಕೋಣೆಗೆ ತಂದಿಟ್ಟು, ಅದರಲ್ಲಿ ಮಡಚಿದ ಬಟ್ಟೆ ಇಡಲು ಶುರುಮಾಡಿದಳು. ಶ್ರೀಶೈಲನ ಜೋಕಿಗೆ ಅಲ್ಲಿ ಜಾಗ ಇರಲಿಲ್ಲ.

ಸಂಘದ ಹಾಲಿನಲ್ಲಿ ಹಿರಿಯರಿಗೆ ಕಿವಿ ತಪಾಸಣೆ ಇಟ್ಟಾಗ ಅವನು ಹೋದದ್ದು ಕಿವಿಗಾಗಿ ಅಲ್ಲ, ಹೊತ್ತು ಹೋಗಲೆಂದು. ತಪಾಸಣೆಗೆ ಬಂದಿದ್ದ ವಂದನಾ ಎಂಬ ಹೆಣ್ಣುಮಗಳು ಅವನ ತಲೆಗೆ ಹೆಡ್‌ಫೋನ್ ಏರಿಸಿ, ಸದ್ದು ಕೇಳಿದಾಗೆಲ್ಲ ಬಟನ್ ಒತ್ತಿ ಎಂದಳು. ಮೊದಲು ದಪ್ಪ ಸದ್ದುಗಳು. ಒತ್ತಿದ. ಆಮೇಲೆ ಸ್ವಲ್ಪ ಸಣ್ಣವು. ಒತ್ತಿದ. ಆಮೇಲೆ ಏನೂ ಇಲ್ಲ. ಕಾದ. ಹೆಡ್‌ಫೋನ್ ಸರಿಸಿ ಕೇಳಿದ:

"ಮೇಡಂ, ಕರೆಂಟ್ ಹೋತೇನ್ರಿ?"

"ಇಲ್ಲ ಕಾಕಾ," ಎಂದಳು ವಂದನಾ, "ಇನ್ನೂ ನಡೀತಾ ಇದೆ."

ಶ್ರೀಶೈಲ ಅವಳ ಬೆರಳನ್ನು ನೋಡಿದ. ಅದು ಸದ್ದಿನ ಗುಂಡಿ ಒತ್ತುತ್ತಲೇ ಇತ್ತು.

ಆಮೇಲೆ ಅವಳು ಒಂದು ಕಾಗದ ಬಾಯಿಗೆ ಅಡ್ಡ ಹಿಡಿದು, ನಾನು ಹೇಳಿದ್ದನ್ನು ತಿರುಗಿ ಹೇಳಿ ಎಂದಳು. ಅವಳು ಸೀರೆ ಎಂದಳು. ಅವನು ಹೀರೆ ಎಂದ. ಸಾಲಿನಲ್ಲಿ ಕೂತಿದ್ದ ಮುದುಕರು ಗೊಳ್ಳೆಂದರು, "ಶುರುವಾತು ನೋಡ್ರಿ ಶ್ರೀಶೈಲಿ!" ಅವಳು ಸಾಲು ಎಂದಳು; ಅವನು ಹಾಲು ಎಂದ. ಮತ್ತೂ ನಗು.

"ಕಾಕಾ, ಜೋಕ್ ನಕೋ."

"ನಾ ಜೋಕ್ ಮಾಡಿಲ್ಲವಾ."

ವಂದನಾ ಅವನ ಮುಖ ನೋಡಿ, ದನಿ ಮೆತ್ತಗೆ ಮಾಡಿ, ಇನ್ನೊಂದು ಶಬ್ದ ಹೇಳಿದಳು.

"ಹಾಕು," ಎಂದ ಶ್ರೀಶೈಲ.

ಅವಳು ಕಾಗದ ಇಳಿಸಿ ಮತ್ತೆ ಹೇಳಿದಳು. ಈಗ ತುಟಿ ಕಾಣುತ್ತಿತ್ತು, ಹಲ್ಲಿಗೆ ಹಲ್ಲು ತಾಗುವುದು ಕಾಣುತ್ತಿತ್ತು. ಸಾಕು.

ವಯಸ್ಸಾದಂತೆ ಕಿವಿಯಿಂದ ಮೊದಲು ಹೋಗುವುದು ತೀರ ಸಣ್ಣ, ಕೀರಲು ಸದ್ದುಗಳು ಎಂದು ಅವಳು ವಿವರಿಸಿದಳು. ಸ, ಶ ಅನ್ನುವ ಅಕ್ಷರಗಳ ಮೊನೆಯೂ ಅದೇ ಎತ್ತರದ್ದು, ಹಾಗಾಗಿ ಅವೂ ಮೊಂಡಾಗುತ್ತವೆ. ಯಾರ ತಪ್ಪೂ ಅಲ್ಲ. "ಕಾಲೇಜ್ ಮಕ್ಕಳಿಗೆ ಕೇಳೋದು ನನಗೇ ಈಗ ಕೆಲವು ಕೇಳಲ್ಲ ಕಾಕಾ."

"ಪಾರಿವಾಳ ಓಡಸೂ ಯಂತ್ರದ ಸದ್ದು ಸೊಸಿಗೆ ಕೇಳತೈತಿ, ನನಗ ಕೇಳಂಗಿಲ್ಲ ಅಂದ್ರ?"

"ಕೇಳುತ್ತೆ. ಅವರಿನ್ನೂ ಸಣ್ಣವರಲ್ವಾ?"

"ಕೂಸಿಗೆ?"

"ಕೂಸಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಕೇಳುತ್ತೆ."

ಹಿಂದಿನ ಸಾಲಿನವರು ಒಂದು ಜೋಕಿಗಾಗಿ ಕಾಯುತ್ತಿದ್ದರು. ಅವನು ಎದ್ದು ಚಪ್ಪಲಿ ಹುಡುಕಿಕೊಂಡ.

ಮನೆಗೆ ಬಂದವನೇ ಸ್ಟೂಲು ಹತ್ತಿ ಯಂತ್ರ ಕಿತ್ತ. ಪಾರಿವಾಳಗಳು ಎರಡು ಮಾರು ಹಾರಿ, ಮತ್ತೆ ಬಂದು ಗ್ಯಾಲರಿಯ ಕಂಬಿಯ ಮೇಲೆ ಕೂತವು. ದಾನೇಶ್ವರಿಗೆ ಎಲ್ಲ ಹೇಳಿದ. ಹೇಳಿ ಮುಗಿಸುವಾಗ ಚಪಲದ ನಾಲಿಗೆ ಸುಮ್ಮನಿರಲಿಲ್ಲ: "ಪಾರಿವಾಳ ಓಡಸಾಕ ಹೋಗಿ ಪರಿವಾರ ಓಡಿಸಿದೆ."

ದಾನೇಶ್ವರಿ ನಗಲಿಲ್ಲ. "ನೀವೊಬ್ಬರ ಓಡಿಸಿಲ್ಲ," ಎಂದಳು.

ಮರುದಿನ ವಡಾಲಾದಲ್ಲಿ ಗಾಡಿ ಬದಲಿಸಿ ಅವನು ಗೋರೆಗಾಂವ್‌ಗೆ ಹೊರಟ. ದಾರಿಯುದ್ದಕ್ಕೂ ಸ್ಪೀಕರಿನಲ್ಲಿ ಮುಂದಿನ ಸ್ಟೇಷನ್ನಿನ ಹೆಸರು ಹೇಳುವ ಹೆಂಗಸಿನ ದನಿ. ವರ್ಷಗಟ್ಟಲೆ ಅದನ್ನು ಅನುಕರಿಸಿ ಚಪ್ಪಾಳೆ ಗಿಟ್ಟಿಸಿದ್ದ. ಅದರಲ್ಲಿ ತನಗೆ ಎಷ್ಟು ಕೇಳಿತ್ತು, ಎಷ್ಟು ಬಿಟ್ಟುಹೋಗಿತ್ತು, ಜನ ನಕ್ಕದ್ದು ಯಾವುದಕ್ಕೆ ಎಂದು ಈಗ ಯೋಚನೆ ಹತ್ತಿತು.

ಬೀಗಿತ್ತಿ ವಿನೋದಿನಿ ಬಾಗಿಲು ತೆರೆದು, "ಬನ್ನಿ ಬನ್ನಿ, ಊಟ ಮಾಡಿಯೇ ಹೋಗಬೇಕು" ಎಂದು ಉಪಚರಿಸಿದಳು. ಲಾವಣ್ಯ ನೆಲದ ಮೇಲೆ ಕೂತು ಕೂಸಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದಳು.

"ತಪ್ಪಾತವಾ," ಎಂದ ಶ್ರೀಶೈಲ, ನಿಂತೇ. "ನೀ ಅಂದದ್ದು ಸಾಕು ಅಂತ. ನನಗ ಹಾಕು ಅಂತ ಕೇಳ್ತು. ಆ ಕೀಂ ಅನ್ನೂದೂ ಖರೇ ಇತ್ತು. ನನ್ನ ಕಿವಿ ಹೋಗ್ಯಾವ. ಮೇಡಂ ತಪಾಸ ಮಾಡಿ ಹೇಳಿದ್ರು. ಯಂತ್ರ ಕಿತ್ತೀನಿ. ಇನ್ನ ಬಾ ನೀ ಮನಿಗೆ."

ಲಾವಣ್ಯ ಕೂಸಿನ ಬಾಯಿ ಒರೆಸಿದಳು. ಸಿಟ್ಟು ಕಾಣಲಿಲ್ಲ, ಕಂಡಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

"ಕಿವಿ ಕೇಳದಿದ್ರೆ ಅದು ನಿನ್ನ ತಪ್ಪಲ್ಲ ಮಾವ. ಯಂತ್ರದ್ದು ನಿನಗೆ ಕೇಳ್ಲಿಲ್ಲ, ಠೀಕ್ ಹೈ. ಆದ್ರೆ ಸ್ಟೇಜಲ್ಲಿ ನನ್ನ ಆವಾಜ್ ತೆಗ್ದಿ ಅಲ್ವಾ? ನಾನು ಹೇಗೆ ಹೇಳ್ತೇನೆ, ಹೇಗೆ ಅಳ್ತೇನೆ, ಒಂದೂ ಮಿಸ್ಟೇಕ್ ಇರ್ಲಿಲ್ಲ ಅದ್ರಲ್ಲಿ." ಅವಳು ತಲೆಯೆತ್ತಿದಳು. "ಅಂದ್ರೆ ನನ್ನದು ನಿನಗೆ ಪೂರಾ ಕೇಳ್ತಿತ್ತು."

ವಿನೋದಿನಿ ನೀರಿನ ಲೋಟ ತಂದು ಶ್ರೀಶೈಲನ ಕೈಗಿಟ್ಟಳು. ಅವನು ಕುರ್ಚಿಯಲ್ಲಿ ಕೂತ.

"ಅನಿಲ್ ಹೇಳ್ಬೇಕಿತ್ತು ನಿನಗೆ," ಎಂದಳು ಲಾವಣ್ಯ. "ಇಲ್ಲೇ ಹತ್ತಿರ ಒಂದು ರೂಮ್ ನೋಡಿದ್ದೇವೆ. ಮುಂದಿನ ತಿಂಗಳಿಂದ. ಸಂಡೇ ಸಂಡೇ ಬರ್ತೇವೆ ನಾವು. ಅತ್ತೆಗೆ ಹೇಳು, ಬೇಜಾರು ಮಾಡ್ಕೋಬೇಡ ಅಂತ."

"ಹೇಳ್ತೀನಿ," ಎಂದ.

ಕೂಸು ಅಂಬೆಗಾಲಿಕ್ಕುತ್ತ ಬಂದು, ಅವನ ಪ್ಯಾಂಟು ಹಿಡಿದು ಎದ್ದು ನಿಂತಿತು. ಬಾಳೆಹಣ್ಣಿನ ಕೈಯಿಂದ ಮೊಣಕಾಲು ತಟ್ಟಿತು. ಅವನ ಮುಖವನ್ನೇ ನೋಡುತ್ತ ತುಟಿ ಮುಂದೆ ಚಾಚಿ ಏನೋ ಅಂದಂತಾಯಿತು. ತುಟಿ ಕೂಡಿದ್ದು ಕಂಡಿತು. ದನಿಯ ತುದಿ ಮಾತ್ರ ಅವನವರೆಗೆ ಬರಲಿಲ್ಲ. ಅಜ್ಜನನ್ನು ಮುತ್ಯಾ ಅಂದಿರಬಹುದೇ? ಅದಕ್ಕೂ ತುಟಿ ಕೂಡಲೇಬೇಕು. ಲೋಟ ಕೆಳಗಿಟ್ಟ.

"ಏನಂದ್ಲವಾ?"

"ಅಜ್ಜನನ್ನೇ ಕರೆಯುದು ಅವಳು," ಎಂದಳು ವಿನೋದಿನಿ, ಬಂದವರ ಮನಸ್ಸು ನೋಯಬಾರದೆಂದು.

ಅವನು ಲಾವಣ್ಯಳತ್ತ ನೋಡಿದ. ಲಾವಣ್ಯ ಮಗಳನ್ನು ನೋಡಿದಳು, ಅವನನ್ನು ನೋಡಿದಳು.

"ಇಲ್ಲ ಮಾವ. ಏನೂ ಅನ್ಲಿಲ್ಲ. ಸುಮ್ಮನೆ ಬಾಯಿ ಊದ್ತಾಳೆ."

"ಹೌದೇನವಾ," ಎಂದ ಶ್ರೀಶೈಲ. ಈ ಸಲ ಅವಳ ಕಿವಿಯನ್ನು ನಂಬಿದ.