ಎವ್ಯೋನ್ ಮತ್ತು ಹೊಸ ತೆನೆ

"ಊಟ ಆಯ್ತಾ?" ಎಂದು ಯಾರೇ ಕೇಳಲಿ, ಪ್ರಶ್ನೆ ಮುಗಿಯುವ ಮೊದಲೇ "ಆಯ್ತು" ಎಂದುಬಿಡುವುದು ಇಗ್ನೇಶಿಯಸರ ಜಾಯಮಾನ. ಅಬುಧಾಬಿಯ ಸೆಪ್ಟೆಂಬರಿನ ಬೇಗೆಯಲ್ಲೂ ಬೂದು ಕೋಟಿನ ಗುಂಡಿ ಒಂದನ್ನೂ ಬಿಚ್ಚದೆ, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿ, ಖಾಲಿದಿಯಾ ಬಡಾವಣೆಯ ಅಂಗಡಿಸಾಲಿನ ನೆರಳನ್ನೇ ಹಿಡಿದು ಯಾರಿಗೂ ತಾಗದಂತೆ ಓರೆಯಾಗಿ ನಡೆದುಹೋಗುವ ಮನುಷ್ಯ. ಆಸ್ಪತ್ರೆಯ ಉಗ್ರಾಣದ ಕೆಲಸ. ಬಾಡಿಗೆಗೆ ಹಿಡಿದ ಒಂದು ಕೋಣೆ. ಕೊಡುವುದರಲ್ಲಿ ಎತ್ತಿದ ಕೈ, ಆದರೆ ಯಾರಾದರೂ ಒಂದು ಲೋಟ ಚಹಾ ಮುಂದಿಟ್ಟರೂ ಮೈಯೆಲ್ಲ ಮುಳ್ಳು. ಎಂಥ ಹಟ ಮಾರಾಯ್ರೇ!

ಇಗರ್ಜಿಯ ಪಕ್ಕದ ಕೋಣೆಯಲ್ಲಿ ಅವರು ಬೈಬಲ್ ಪಾಠ ಹೇಳುತ್ತಿದ್ದರು. ತಾವಾಗಿಯೇ ಕಲಿತ ಹೀಬ್ರೂ ಅವರ ಏಕೈಕ ವಿಲಾಸ. ಮೊಂತಿ ಹಬ್ಬದ ಹಿಂದಿನ ವಾರ ಬಡತನದ ಪದಗಳನ್ನು ಬಿಡಿಸಿಟ್ಟರು: ಆನಿ ಎಂದರೆ ಭಾರಕ್ಕೆ ಬಾಗಿದವನು, ದಾಲ್ ಎಂದರೆ ಸೊರಗಿದವನು, ಎವ್ಯೋನ್ ಎಂದರೆ ಬೇಕೆಂದು ಇನ್ನೊಬ್ಬರ ಮುಖ ನೋಡುವವನು, ಬಯಕೆಯ ಧಾತುವಿನಿಂದಲೇ ಆ ಪದ ಹುಟ್ಟಿತೆಂದು ಪಂಡಿತರ ಊಹೆ. ಎವ್ಯೋನನಿಗೆ ನಿನ್ನ ಕೈ ಮುಚ್ಚಬೇಡ, ಅಗಲವಾಗಿ ತೆರೆ ಎಂಬುದು ದೇವರ ಆಜ್ಞೆ.

ಇಗ್ನೇಶಿಯಸರ ಕೋಣೆಯಿರುವ ಕಟ್ಟಡದಲ್ಲೇ ಕೆಳಮಹಡಿಯಲ್ಲಿ ಗಂಡ ಯುಜಿನನೊಂದಿಗಿರುವ ನರ್ಸ್ ವೆಲಿಟಾ ಕೇಳಿದಳು: "ಬೇಕಿದ್ದೂ ಬೇಡ ಅನ್ನುವವನಿಗೆ ಯಾವ ಪದ ಉಂಟು ಅಂಕಲ್?"

ಇಗ್ನೇಶಿಯಸರು ಕನ್ನಡಕ ಒರೆಸಿಕೊಂಡರು. "ಅಂಥವನು ಗ್ರಂಥದಲ್ಲಿ ಇಲ್ಲ ಬಾಯೆ."

ಮೊಂತಿ ಹಬ್ಬವೆಂದರೆ ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಕನ್ಯಾಮರಿಯಮ್ಮನ ಹುಟ್ಟುಹಬ್ಬ, ಹೊಸ ಬೆಳೆಯ ಹಬ್ಬ. ಪೂಜೆಯ ನಂತರ ಕುಟುಂಬಕ್ಕೊಂದರಂತೆ ಆಶೀರ್ವದಿಸಿದ ತೆನೆ ಕೊಡುತ್ತಾರೆ; ಮನೆಯಲ್ಲಿ ಅದರ ಕಾಳನ್ನು ತೆಂಗಿನ ಹಾಲಿಗೆ ಬೆರೆಸಿ, ಆ 'ಹೊಸತ'ನ್ನು ಹಿರಿಯರು ಎಲ್ಲರ ಕೈಗೂ ಕೊಟ್ಟ ಮೇಲೆಯೇ ಊಟ. ಇಗ್ನೇಶಿಯಸರ ಪಾಲಿನ ಕಾಳನ್ನು ವರ್ಷವರ್ಷವೂ ಹೆಂಡತಿ ಎಮಿಲಿಯಾ ಊರಿಂದ ಲಕೋಟೆಯಲ್ಲಿ ಕಳಿಸುತ್ತಿದ್ದಳು. ಈಸ್ಟರಿನ ಮೊದಲು ಎಮಿಲಿಯಾ ತೀರಿಕೊಂಡಳು. ಈ ಸಲ ಲಕೋಟೆ ಬರಲಿಲ್ಲ. ಇಗರ್ಜಿಯಲ್ಲಿ ತೆನೆಯ ಸಾಲು ಹೊರಟಾಗ, ಒಬ್ಬನೇ ಇರುವವನು ಯಾವ ಕುಟುಂಬವೆಂದು ಅವರು ಕಂಬದ ಮರೆಯಲ್ಲಿ ನಿಂತೇ ಇದ್ದರು. ಯಾರೂ ಗಮನಿಸಲಿಲ್ಲ, ಪಾಪ.

ಕೋಣೆಗೆ ಬಂದು ಅನ್ನಕ್ಕಿಟ್ಟರು. ಬೆಂದಿತು. ಬಡಿಸಿಕೊಳ್ಳಲು ಕೈ ಏಳಲಿಲ್ಲ. ಹೊಸತು ತಿನ್ನದೆ ಆ ದಿನ ಅವರು ಹುಟ್ಟಿದಾಗಿನಿಂದ ಉಂಡವರಲ್ಲ. ಎಮಿಲಿಯಾ ಇಲ್ಲವೆಂಬುದು ಆಗ ಅವರಿಗೆ ನಿಜವಾಯಿತು. ಕೋಟು ತೊಟ್ಟು ಕೆಳಗಿಳಿದರು, ಅರ್ಧದಿಂದ ಹಿಂತಿರುಗಿದರು, ಮತ್ತೆ ಇಳಿದರು.

ಬಾಗಿಲು ತೆರೆದ ವೆಲಿಟಾ ಅಭ್ಯಾಸಬಲದಿಂದ ಕೇಳಿದಳು, "ಊಟ ಆಯ್ತಾ ಅಂಕಲ್?"

"ಇಲ್ಲ ಬಾಯೆ. ಹೊಸತು ಸಿಗಲಿಲ್ಲ. ಒಂದು ಕಾಳು ಇದ್ದರೆ ಕೊಡು."

ಅವಳು ಒಳಗೆ ಕರೆದು ಮೇಜಿನ ತುದಿಯಲ್ಲಿ ಕೂರಿಸಿದಳು. ಯುಜಿನ್ ಹೊಸತಿನ ಬಟ್ಟಲನ್ನು ಅವರತ್ತ ಸರಿಸಿ, ಹಿರಿಯರು ನೀವೇ ಎಲ್ಲರಿಗೂ ಕೊಡಬೇಕು ಎಂದ. ಕೊಡುವುದು ಅವರಿಗೆ ಎಷ್ಟು ಸುಲಭ! ಆದರೂ ಬೇಡವೆಂದು ತಲೆಯಾಡಿಸಿದರು.

"ಇವತ್ತು ನೀನು ಕೊಡು ಯುಜಿನ್. ನಾನು ತಗೊಳ್ತೇನೆ."

ಬೆನ್ನ ಹಿಂದಿನ ಕೈ ಮುಂದೆ ಬಂದು ಬಲಗೈಯ ಕೆಳಗೆ ಸೇರಿತು.

ಗಲ್ಫಿನ ಊರುಗಳಲ್ಲಿ ಇಂಥವರು ಬಹಳ ಮಂದಿ. ಆಯುಷ್ಯವಿಡೀ ಊರಿಗೆ ಕಳಿಸಿ ಕಳಿಸಿ ಅವರ ಕೈಗೆ ಒಂದೇ ದಿಕ್ಕು ಗೊತ್ತು. ಅವರ ಬಡತನ ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಕೇಳಿದವರಿಗೆಲ್ಲ ಅವರು ಊಟ ಆಯ್ತು ಎಂದೇ ಹೇಳಿರುತ್ತಾರೆ.