ಏಳನೇ ಅಂತಸ್ತಿನ ಬಚ್ಚಲು

"ಬಿಟ್ಟಿ ಅಂದ್ರೆ ಬಿಟ್ಟಿ ಕಣಮ್ಮಾ! ಬಿಟ್ಟಿ ಅಂತ ಕಾಗದ ಬರ್ದು ಕರೆಸ್ಕೊಂಡು ಈಗ ಹಿಂದ್ಗಡೆಯಿಂದ ಜೇಬಿಗೆ ಕೈ ಹಾಕ್ತೀರಾ? ಕಳ್ಳನನ್ಮಕ್ಳು!"

ವರ್ನನ್ ಸ್ಟ್ರೌಡ್ ಕ್ಯಾಸಿನೋದವರ ಕಾಗದವನ್ನು ಕೌಂಟರಿನ ಮೇಲೆ ಬಡಿದ. ಅವನ ಕತ್ತಿನಲ್ಲಿ ಚಿನ್ನದ ಬಣ್ಣದ ಕಾರ್ಡು ನೇತಾಡುತ್ತಿತ್ತು. ಹಡಗಿನ ಜೂಜಿನ ಮೇಜುಗಳ ಮೇಲೆ ವರ್ಷಗಟ್ಟಲೆ ದುಡ್ಡು ಸುರಿದವರಿಗೆ ಮಾತ್ರ ಕೊಡುವ ಕಾರ್ಡು ಅದು. ಅದಿದ್ದರೆ ಕೋಣೆ ಬಿಟ್ಟಿ, ಕುಡಿಯುವುದು ಬಿಟ್ಟಿ, ಮುಂದಿನ ಯಾನವೂ ಬಿಟ್ಟಿ.

ಕೌಂಟರಿನ ಹಿಂದೆ ನಿಂತ ನೊರ್ಮಿತಾ ನಗುತ್ತಲೇ ಇದ್ದಳು. ನಗು ಮಾಸಿದರೆ ಕಂಪನಿ ಅವಳ ಕೆಲಸಕ್ಕೆ ಕೊಡುವ ಅಂಕ ಹೋಗುತ್ತದೆ.

"ಕೋಣೆಗೆ ಒಂದು ಕಾಸೂ ತಗೊಂಡಿಲ್ಲ ಸರ್. ದಿನಕ್ಕೆ ಹದಿನಾರು ಡಾಲರ್ ಟಿಪ್ಸ್ ಮಾತ್ರ. ಅದು ಕೋಣೆ ನೋಡ್ಕೊಳ್ಳೋರಿಗೆ, ಊಟ ಬಡಿಸೋರಿಗೆ ಹೋಗುತ್ತೆ."

"ಅವರಿಗೆ ಸಂಬಳ ಕೊಡೋದು ಯಾರ ಕೆಲಸ? ನಂದಾ? ಒಹಾಯೋದಲ್ಲಿ ಟೈರ್ ಅಂಗಡಿ ಇಟ್ಟಿದೀನಿ ನಾನು. ನನ್ನ ಹುಡುಗ್ರ ಸಂಬಳ ನಾನೇ ಕೊಡ್ತೀನಿ. ಗಿರಾಕಿ ಮುಂದೆ ತಟ್ಟೆ ಹಿಡಿಸಿ ನಿಲ್ಸಲ್ಲ."

ಸಾಲಿನಲ್ಲಿ ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಕೂಗಿದಳು. "ನಿನ್ನೆ ಜೂಜಿನ ಯಂತ್ರದಲ್ಲಿ ಒಂದೇ ಗುಂಡಿಗೆ ನೂರು ಡಾಲರ್ ಒತ್ತಿದ್ಯಲ್ಲಪ್ಪಾ, ನಾನೇ ಪಕ್ಕದಲ್ಲಿ ಕೂತಿದ್ದೆ. ಆ ಬಡವರ ಹದಿನಾರು ನಿನ್ನ ಕಣ್ಣಿಗೆ ಚುಚ್ಚಿತಾ?"

"ಅದು ನನ್ನ ದುಡ್ಡು, ನನ್ನ ಇಷ್ಟ!"

"ಆಯಪ್ಪ ಹೇಳೋದ್ರಲ್ಲಿ ತಪ್ಪೇನಿದೆ? ಕಂಪನಿ ಕೊಡ್ಲಿ ಸಂಬಳಾನ" ಎಂದ ಇನ್ನೊಬ್ಬ.

"ಹೌದೌದು, ಕಂಪನಿ ಕೊಡೋವರೆಗೂ ಅವರು ಗಾಳಿ ಕುಡಿದು ಬದುಕ್ಲಿ."

ಅರವತ್ತು ಜನರ ಸಾಲು ಎರಡು ಪಕ್ಷವಾಗಿ ಕಚ್ಚಾಡಿತು. ಕೊಡುವುದು ಧರ್ಮ ಅಂದರು, ಕೊಡುವುದೇ ಅಧರ್ಮ ಅಂದರು. ಕೌಂಟರಿನ ಈಚೆ ನಿಂತಿದ್ದವಳನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

"ನಿಮ್ಮ ಕೋಣೆ ನೋಡ್ಕೊಳ್ಳೋನು ಏನಾದ್ರೂ ತಪ್ಪು ಮಾಡಿದ್ನಾ ಸರ್?" ಅವಳೇ ಕೇಳಿದಳು.

"ಯಾರು, ಎಲ್ಪಿನಾ? ಚಿನ್ನದಂಥ ಮನುಷ್ಯ! ದಿನಾ ಟವಲು ಮಡಚಿ ಆನೆ ಮಾಡಿ ಮಂಚದ ಮೇಲೆ ಕೂರಿಸ್ತಾನೆ. ಅವನ ಮೇಲೆ ತಕರಾರಿಲ್ಲ. ಇದು ನೀತಿಯ ಪ್ರಶ್ನೆ."

ನೀತಿಯ ಪ್ರಶ್ನೆಗೆ ಕಂಪ್ಯೂಟರಿನಲ್ಲಿ ಜಾಗ ಇರಲಿಲ್ಲ. ಬಿಲ್ಲಿನಿಂದ ಟಿಪ್ಸ್ ತೆಗೆಯಬೇಕಾದರೆ ಕಾರಣ ಒತ್ತಬೇಕು. ಇರುವುದು ಮೂರೇ ಕಾರಣ: ಸೇವೆ ಸರಿಯಿಲ್ಲ, ಊಟ ಸರಿಯಿಲ್ಲ, ಇತರೆ. 'ಇತರೆ' ಒತ್ತಿದರೆ ಪರದೆ ಅಲ್ಲಿಗೇ ನಿಲ್ಲುತ್ತದೆ. ಹಡಗಿನ ಆಳುಗಳಿಗೆಲ್ಲ ದೊಡ್ಡ ಧಣಿಯಾದ ಹಲ್ವೋರ್ಸನ್ ಒಳಗಿಂದ ಎದ್ದು ಬಂದು ತನ್ನ ಗುಟ್ಟಿನ ಅಂಕಿ ಒತ್ತುವವರೆಗೂ ಅರವತ್ತು ಜನ ಕಾಯಬೇಕು. 'ಸೇವೆ ಸರಿಯಿಲ್ಲ' ಅಂದರೆ ಒಂದೇ ಏಟಿಗೆ ಮುಗಿಯುತ್ತದೆ. ಕೌಂಟರಿನ ಹುಡುಗಿಯರೆಲ್ಲ ಅದನ್ನೇ ಒತ್ತುತ್ತಿದ್ದರು. ಆ ಗುರುತನ್ನು ಯಾರಾದರೂ ನೋಡುತ್ತಾರೆಂದು ಅವರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನೊರ್ಮಿತಾ ಒತ್ತಿದಳು. ಸ್ಟ್ರೌಡ್ ಕಾಗದ ಮಡಿಸಿಕೊಂಡು ಹೋದ. "ಮುಂದಿನವರು ಬನ್ನಿ" ಅಂದಳು.

*

ಆಳುಗಳ ಊಟದ ಮನೆ ನೀರಿನ ಮಟ್ಟಕ್ಕಿಂತ ಕೆಳಗಿತ್ತು. ಅನ್ನ, ಹುಣಿಸೆಹುಳಿ ಹಿಂಡಿದ ಮೀನಿನ ಸಾರು. ಸ್ಟ್ರೌಡ್ ಬಾಯಲ್ಲಿ ಎಲ್ಪಿಯಾದ ಎಲ್ಪಿದಿಯೊ ತಟ್ಟೆ ತಂದು ನೊರ್ಮಿತಾಳ ಎದುರು ಕೂತ. ಐವತ್ತೊಂದು ವರ್ಷದವನು. ಅದರಲ್ಲಿ ಹತ್ತೊಂಬತ್ತು ವರ್ಷ ಇದೇ ಕಂಪನಿಯ ಹಡಗುಗಳಲ್ಲಿ ಕಳೆದಿದ್ದ. ಮನಿಲಾದ ದಕ್ಷಿಣಕ್ಕಿರುವ ಗಿಮಾರಸ್ ದ್ವೀಪದಲ್ಲಿ ಅವನ ಊರೂ ಅವಳ ಊರೂ ಒಂದು ಮಾವಿನ ತೋಪಿನ ಆಚೀಚೆ. ಅವಳು ಹಡಗಿನ ಮೆಟ್ಟಿಲು ಒರೆಸುತ್ತಿದ್ದಾಗ, "ಈ ಕೋಲು ಹಿಡ್ಕೊಂಡು ಮುದುಕಿ ಆಯ್ತೀಯೇನೇ?" ಎಂದು ಬೈದು, ಕೋಣೆಗಳಲ್ಲಿ ಬಿದ್ದಿದ್ದ ಹಳೇ ಇಂಗ್ಲಿಷ್ ಪತ್ರಿಕೆ ತಂದು ಓದಿಸಿ, ಸಿಕ್ಕಸಿಕ್ಕ ಗುಮಾಸ್ತನ ಕೈಕಾಲು ಹಿಡಿದು ಅವಳನ್ನು ಕೌಂಟರಿಗೆ ಹತ್ತಿಸಿದವನು ಅವನೇ. ಅವಳ ಮಗಳ ಜ್ಞಾನಸ್ನಾನದ ದಿನ ಚರ್ಚಿನಲ್ಲಿ ದೇವರೆದುರು ಧರ್ಮಪಿತನಾಗಿ ನಿಂತವನೂ ಅವನೇ.

ಅವನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಒಂದು ಕಾಗದ ಬಿಡಿಸಿ ಅವಳ ಮುಂದೆ ಇಟ್ಟ.

"ನೋಡವ್ವ. ಎಲ್ಡ್ ತಿಂಗ್ಳಲ್ಲಿ ನನ್ ಮ್ಯಾಲೆ ಹನ್ನೊಂದು ದೂರಂತೆ. ಇನ್ನೊಂದ್ ಬಿದ್ರೆ ಮನೀಗೆ ಹೋಗು ಅಂತವ್ರೆ."

ಅವಳ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

"ಏನ್ ದೂರು ಅಂತ ಬರ್ದಿಲ್ಲ, ಬರೀ ಸೇವೆ ಸರಿಯಿಲ್ಲ ಅಂತ. ಹಾಳಾದ್ ನನ್ಮಕ್ಳು, ಎದುರಿಗೆ ನಗ್ತಾ ಬೆನ್ನು ತಡವ್ತಾರೆ. ನೀನು ಮ್ಯಾಲೆ ಕುಂತಿರ್ತೀಯ, ನಿನ್ ಕಿವಿಗೆ ಬಿದ್ದೇ ಬಿದ್ದಿರ್ತದೆ. ಏನಂತಾರವ್ವ ನನ್ನ? ಮುಚ್ಬ್ಯಾಡ, ಯೋಳ್ಬುಡು."

ಅವಳಿಗೆ ಎಲ್ಲ ಗೊತ್ತಾಯಿತು. ಏಳನೇ ಅಂತಸ್ತಿನ ಮುಂಭಾಗ ಕ್ಯಾಸಿನೋದ ಪಕ್ಕ. ಅಲ್ಲಿನ ಕಿಟಕಿಯಿಲ್ಲದ ಹದಿನೆಂಟು ಕೋಣೆಗಳು ಜೂಜುಗಾರರಿಗೆ ಬಿಟ್ಟಿ ಕೊಡುವ ಕೋಣೆಗಳು. ಟಿಪ್ಸ್ ತೆಗೆಸುವವರಲ್ಲಿ ಹೆಚ್ಚಿನವರು ಅಲ್ಲಿಯವರು. ಅವುಗಳನ್ನು ನೋಡಿಕೊಳ್ಳುವವನು ಎಲ್ಪಿದಿಯೊ ಒಬ್ಬನೇ. ಹನ್ನೊಂದರಲ್ಲಿ ಎಂಟಾದರೂ ಅವಳದೇ ಬೆರಳು ಒತ್ತಿದ್ದು.

ಹೇಳಬಹುದಿತ್ತು. ಹೇಳಿದರೆ ಅವನು ಆಳುಗಳ ಸಂಘದವನ ಹತ್ತಿರ ಹೋಗುತ್ತಾನೆ, ಸಂಘದವನು ಹಲ್ವೋರ್ಸನ್ ಹತ್ತಿರ ಹೋಗುತ್ತಾನೆ, ಹಲ್ವೋರ್ಸನ್ ಅವಳ ಕೈಗೆ ಮತ್ತೆ ಒರೆಸುವ ಕೋಲು ಕೊಡುತ್ತಾನೆ. ಈ ವರ್ಷ ಮಗಳು ದಾದಿಯರ ಕಾಲೇಜು ಸೇರಿದ್ದಳು.

"ಬಚ್ಚಲು..." ಅಂದಳು. "ಬಚ್ಚಲು ವಾಸ್ನೆ ಬತ್ತದೆ ಅಂತಾರಣ್ಣ."

ಎಲ್ಪಿದಿಯೊ ಕಣ್ಣು ಅಗಲಿಸಿದ. ಆಮೇಲೆ ಅವನ ಮುಖ ಬೆಳಗಿತು.

"ಅಷ್ಟೇಯಾ? ಥೂ ನನ್ನ! ನಾನು ಏನೋ ಕಳ್ತನ ಗಿಳ್ತನ ಅಂದ್ಕಂಡಿದ್ದೆ. ಬಚ್ಚಲು ತಾನೆ, ಉಜ್ಜುದ್ರಾಯ್ತು. ಬದುಕಿಸ್ದೆ ಕಣವ್ವ ನನ್ನ." ತನ್ನ ತಟ್ಟೆಯ ಮೀನಿನ ತುಂಡನ್ನು ಎತ್ತಿ ಅವಳ ತಟ್ಟೆಗೆ ಹಾಕಿದ. "ತಿನ್ನು. ಮ್ಯಾಲೆ ನಿಂತೂ ನಿಂತೂ ಕಡ್ಡಿ ಆಗಿದೀಯ."

*

ಮುಂದಿನ ಏಳು ದಿನದ ಯಾನದಲ್ಲಿ ಎಲ್ಪಿದಿಯೊ ಮಧ್ಯಾಹ್ನದ ನಿದ್ದೆ ಬಿಟ್ಟ. ಹದಿನೆಂಟು ಬಚ್ಚಲುಗಳ ಕಲ್ಲಿನ ಸಂದುಗಳನ್ನು ಮೊಣಕಾಲೂರಿ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿದ. ತೊಳೆಯುವ ಔಷಧಿ ನೀರಿಗೆ ಕೈಗವಸು ಎರಡೇ ದಿನಕ್ಕೆ ತೂತಾಯಿತು. ಹೊಸದು ಕೇಳಿದರೆ, ತಿಂಗಳಿಗೆ ಒಂದೇ ಜೊತೆ ಅಂದರು. ಬರಿಗೈಯಲ್ಲೇ ತಿಕ್ಕಿದ.

"ಏನ್ಲಾ ಎಲ್ಪಿ, ಬಚ್ಚಲಲ್ಲೇ ಸಂಸಾರ ಹೂಡಿದೀಯಂತೆ?" ಎಂದು ಬಟ್ಟೆ ಒಗೆಯುವವರು ಛೇಡಿಸಿದರು. "ಹೆಂಡ್ರಿಗೆ ಕಾಗ್ದ ಬರೀಲಾ, ನಿನ್ ಗಂಡಂಗೆ ಅಲ್ಲಿ ಕಮೋಡು ಗಂಟುಬಿದ್ದೈತೆ ಅಂತ."

"ಬರಿಯೋ ಬೋಳಿಮಗ್ನೆ. ನಿನ್ ಬಾಯಿ ತತ್ತಾ, ಅದ್ನೂ ಒಂದ್ಸಲ ತಿಕ್ಬುಡ್ತೀನಿ."

ಮೆಟ್ಟಿಲಲ್ಲಿ ನೊರ್ಮಿತಾ ಎದುರಾದಾಗಲೆಲ್ಲ ಅವನು ದನಿ ಇಳಿಸಿ ಕೇಳುತ್ತಿದ್ದ. "ಈಗೇನಂತಾರೆ? ವಾಸ್ನೆ ಹೋಯ್ತಂತಾ?"

"ಹೋಯ್ತಂತೆ ಅಣ್ಣ."

ಅವನ ಬೆರಳ ತುದಿಗಳಲ್ಲಿ ಚರ್ಮ ಸುಲಿದು ಕೆಂಪಗಾಗಿತ್ತು. ಅವಳು ಆ ಕೈ ನೋಡದೆ ಮೇಲೆ ಹೋಗುತ್ತಿದ್ದಳು. ಕೌಂಟರಿನಲ್ಲಿ ತನ್ನ ಬೆರಳು ನೋಡಿಕೊಳ್ಳುತ್ತಿದ್ದಳು. ಕಂಪನಿಯವರೇ ಕೊಟ್ಟ ಗುಲಾಬಿ ಬಣ್ಣ ಬಳಿದ ಉಗುರುಗಳು.

ಯಾನದ ಕೊನೆಯ ಮಧ್ಯಾಹ್ನ ಸ್ಟ್ರೌಡ್ ಮತ್ತೆ ಬಂದ. ಇದು ಅವನ ಎರಡನೇ ಬಿಟ್ಟಿ ಯಾನ. ಇಳಿಯದೆ ಅದೇ ಕೋಣೆಯಲ್ಲಿದ್ದ.

"ಏನಮ್ಮಾ, ಆ ಎಲ್ಪಿಗೆ ಏನಾಗಿದೆ? ನನ್ನ ಬಚ್ಚಲು ಹೆಂಗೆ ಹೊಳೀತಿದೆ ಅಂದ್ರೆ, ಅಲ್ಲೇ ತಟ್ಟೆ ಇಟ್ಕೊಂಡು ಉಣ್ಣಬಹುದು!" ಎಂದು ನಕ್ಕ. "ಸರಿ, ಆ ಟಿಪ್ಸ್ ತೆಗೆದುಹಾಕು. ಮತ್ತೆ ವಾದ ಬೇಡ."

ಅವಳ ಬೆರಳು ಮೊದಲ ಕಾರಣದ ಮೇಲೆ ಹೋಗಿ ನಿಂತಿತು. ಅಲ್ಲಿಂದ ಕೆಳಗೆ ಜಾರಿ 'ಇತರೆ' ಒತ್ತಿತು. ಬರೆದಳು: ಕೋಣೆಯವನದು ಏನೂ ತಪ್ಪಿಲ್ಲ.

ಪರದೆ ಕೆಂಪಾಗಿ ನಿಂತಿತು. ಸಾಲು ಗೊಣಗಿತು. ಹಲ್ವೋರ್ಸನ್ ಹೊರಗೆ ಬಂದು ಸ್ಟ್ರೌಡ್ ಕೈ ಕುಲುಕಿ, ಕ್ಯಾಸಿನೋದ ಲೆಕ್ಕದಲ್ಲಿ ಒಂದು ಗ್ಲಾಸ್ ವಿಸ್ಕಿ ತರಿಸಿಕೊಟ್ಟು, ಅವಳನ್ನು ತಡಿಕೆಯ ಹಿಂದಕ್ಕೆ ಕರೆದ.

"ಇದೇನು ಬರೆದಿದ್ದೀಯ?"

"ನಿಜ ಬರ್ದಿದೀನಿ ಸರ್. ಅವರು ಅವನ್ನ ಹೊಗಳ್ತಿದಾರೆ."

"ಹೊಗಳೋರು ದುಡ್ಡು ವಾಪಸ್ ಕೇಳ್ತಾರೇನೇ? ತಪ್ಪು ಯಾರದೂ ಅಲ್ಲ ಅಂದ್ರೆ ಕಂಪನೀದಾ?"

ಹಲ್ವೋರ್ಸನ್ ಅವಳ ಬಣ್ಣದ ಉಗುರುಗಳ ಕಡೆ ನೋಡಿದ.

"ನೀನು ಮೊದಲು ಮೆಟ್ಟಿಲು ಒರೆಸ್ತಿದ್ದೋಳಲ್ವಾ?"

"ಹೌದು ಸರ್."

"ಆ ಕೋಲು ಇನ್ನೂ ಅಲ್ಲೇ ಇದೆ. ಹೋಗಿ ಸರಿಯಾದ ಕಾರಣ ಒತ್ತು. ನಿನ್ನ ಕೈಯಿಂದಲೇ ಒತ್ತು. ನಾನು ನೋಡ್ತಾ ನಿಂತಿರ್ತೀನಿ."

ಅವನು ನೋಡುತ್ತಾ ನಿಂತ. ಅವಳು ಒತ್ತಿದಳು. ಸ್ಟ್ರೌಡ್ ವಿಸ್ಕಿ ಎತ್ತಿ ಹಿಡಿದು ಕಣ್ಣು ಮಿಟುಕಿಸಿದ.

*

ಮರುದಿನ ಬೆಳಿಗ್ಗೆ ಹಡಗು ಮಯಾಮಿ ಬಂದರಿನಲ್ಲಿ ನಿಂತಿತ್ತು. ಯಾತ್ರಿಗಳು ಪೆಟ್ಟಿಗೆ ಎಳೆದುಕೊಂಡು ಇಳಿಯುತ್ತಿದ್ದರು. ಹಲ್ವೋರ್ಸನ್ ಕೋಣೆಯಲ್ಲಿ ಎಲ್ಪಿದಿಯೊ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ನಿಂತಿದ್ದ. ದೂರು ದಾಖಲಿಸಿದವಳೆಂದು ನೊರ್ಮಿತಾಳನ್ನೂ ಕರೆಸಿದ್ದರು. ಅವನು ಅವಳನ್ನು ನೋಡಿ, ತನ್ನ ಪರ ಮಾತಾಡಲು ಬಂದಿದ್ದಾಳೆ ಅಂದುಕೊಂಡು ಧೈರ್ಯ ತಂದುಕೊಂಡ.

ಮೇಜಿನ ಮೇಲೆ ಒಂದು ಕಾಗದ. ನನ್ನ ಕೆಲಸ ಸರಿಯಿಲ್ಲವೆಂದು ಒಪ್ಪಿ ನಾನಾಗಿಯೇ ಬಿಡುತ್ತಿದ್ದೇನೆ ಎಂದು ಅದರಲ್ಲಿತ್ತು. ಸಹಿ ಬಿದ್ದರೆ ಊರಿನ ವಿಮಾನದ ಟಿಕೆಟ್ಟು ಅವನದೇ ಖರ್ಚು. ಅಂಥ ಕಾಗದಕ್ಕೆ ಸಹಿ ಹಾಕಿದವನನ್ನು ಮನಿಲಾದ ಯಾವ ದಲ್ಲಾಳಿಯೂ ಇನ್ನೊಂದು ಹಡಗು ಹತ್ತಿಸುವುದಿಲ್ಲ.

"ಸಾ, ತಪ್ಪು ನಂದೇ ಸಾ" ಎಲ್ಪಿದಿಯೊ ಸೊಂಟ ಬಗ್ಗಿಸಿದ. "ಬಚ್ಚಲು ವಾಸ್ನೆ ಬತ್ತಿತ್ತು, ನಾನು ನೋಡ್ಕಂಡಿರ್ಲಿಲ್ಲ. ಈಗೆಲ್ಲ ತಿಕ್ಕಿವ್ನಿ. ನೀವೇ ಬಂದು ಮೂಸ್ನೋಡಿ ಸಾ. ನೆಲ ನೆಕ್ಕು ಅಂದ್ರೂ ನೆಕ್ತೀನಿ. ಹತ್ತೊಂಬತ್ ವರ್ಸ ಸಾ."

"ಬಚ್ಚಲಾ?" ಹಲ್ವೋರ್ಸನ್ ಹಾಳೆ ತಿರುವಿದ. "ಯಾವ ಬಚ್ಚಲು? ಬಚ್ಚಲಿನ ಮಾತು ಇಲ್ಲಿ ಎಲ್ಲೂ ಇಲ್ಲ."

ಎಲ್ಪಿದಿಯೊ ನೊರ್ಮಿತಾಳತ್ತ ತಿರುಗಿದ.

"ಸುಳ್ಳು ಅಣ್ಣ" ಅಂದಳು. "ನಾನೇ ಯೋಳಿದ್ ಸುಳ್ಳು. ಯಾರೂ ದೂರು ಕೊಟ್ಟಿಲ್ಲ. ಬೇಗ ಮುಗೀಲಿ ಅಂತ ಅದ್ನ ಒತ್ತಿದ್ದು ನಾನು. ನಿನ್ನೇದೂ ನಾನೇ ಒತ್ತಿದ್ದು." ಹಲ್ವೋರ್ಸನ್ ಕಡೆ ನೋಡಿದಳು. "ಸರ್, ಬೇಕಾದ್ರೆ ನನ್ನ ಕಳ್ಸಿ. ಇವನದು ಒಂದೂ ತಪ್ಪಿಲ್ಲ."

ಹಲ್ವೋರ್ಸನ್ ಗೋಡೆಯ ಗಡಿಯಾರ ನೋಡಿದ. "ಮುಗೀತಾ? ಏಳನೇ ಅಂತಸ್ತಿನ ಹೊಸಬ ಒಂಬತ್ತು ಗಂಟೆಗೇ ಹತ್ತಿ ಆಯ್ತು. ಇವನ ಹಾಸಿಗೇನೂ ಅವನಿಗೆ ಕೊಟ್ಟಾಯ್ತು. ನಿನ್ನ ವಿಚಾರ ಆಮೇಲೆ." ಪೆನ್ನನ್ನು ಎಲ್ಪಿದಿಯೊ ಕಡೆ ನೂಕಿದ. "ಸಹಿ ಹಾಕು."

ಎಲ್ಪಿದಿಯೊ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡ.

"ಹಲ್ಲುಜ್ಜೋ ಬ್ರಶ್ಶಲ್ಲಿ ಉಜ್ದೆ" ಅಂದ. ಯಾರಿಗೆ ಹೇಳಿದನೋ ತಿಳಿಯಲಿಲ್ಲ. ಅವಳ ಮುಖವನ್ನಂತೂ ನೋಡಲಿಲ್ಲ.

ಆಮೇಲೆ ಬಗ್ಗಿದ್ದ ಸೊಂಟ ನೆಟ್ಟಗೆ ಮಾಡಿದ.

"ಕನ್ನಡಕ ತತ್ತೀನಿ ಸಾ. ಓದ್ದೆ ಹೆಂಗ್ ಸೈನ್ ಹಾಕ್ಲಿ?"

"ಬೇಗ ಬಾ."

ಕನ್ನಡಕ ಅವನ ಅಂಗಿಯ ಜೇಬಿನಲ್ಲೇ ಇತ್ತು. ಅದರ ಕಾಲು ಹೊರಗೆ ಚಾಚಿಕೊಂಡಿದ್ದುದು ನೊರ್ಮಿತಾಗೆ ಕಾಣಿಸಿತು. ಹಲ್ವೋರ್ಸನ್ ಮುಂದಿನ ಕಾಗದಕ್ಕೆ ಕೈ ಹಾಕಿದ್ದ. ಎಲ್ಪಿದಿಯೊ ಅವಳ ಪಕ್ಕದಿಂದಲೇ ಹೋದ. ಅವನ ಮೈಯಿಂದ ಬಚ್ಚಲು ತೊಳೆಯುವ ಔಷಧಿಯ ಘಾಟು ಬಂತು. ಬಾಗಿಲು ಮುಚ್ಚಿಕೊಂಡಿತು.

ಕಾಲು ಗಂಟೆ ಆಯಿತು.

"ಎಲ್ಲಿ ಸತ್ತ ಅವನು?"

"ಹುಡುಕ್ತಿರ್ಬೇಕು ಸರ್" ಅಂದಳು ನೊರ್ಮಿತಾ. "ಎಲ್ಲಿ ಇಟ್ಟೆ ಅಂತ ಮರೀತಾನೆ ಅವನು."

ಇನ್ನೂ ಹತ್ತು ನಿಮಿಷ ಕಳೆದ ಮೇಲೆ ಹಲ್ವೋರ್ಸನ್ ಫೋನು ಎತ್ತಿದ. ಬಾಗಿಲ ಕಾವಲಿನವನು ಹೇಳಿದ: ಎಲ್ಪಿದಿಯೊ ಯಾತ್ರಿಗಳು ಇಳಿಯುವ ದೊಡ್ಡ ಏಣಿಯಲ್ಲೇ ತನ್ನ ಗುರುತಿನ ಕಾರ್ಡು ಒತ್ತಿ ಇಳಿದು ಹೋದ. ಪೆಟ್ಟಿಗೆ ಇರಲಿಲ್ಲ. ಪಾಸ್‌ಪೋರ್ಟು ಉಳಿದ ಆಳುಗಳದರ ಜೊತೆ ಹಡಗಿನ ಕಬ್ಬಿಣದ ಬೀರುವಿನಲ್ಲೇ ಇತ್ತು.

*

ಸಂಜೆ ನಾಲ್ಕಕ್ಕೆ ಹಡಗು ಹೊರಡುವ ಹೊತ್ತಿಗೆ ನೊರ್ಮಿತಾ ಏಳನೇ ಅಂತಸ್ತಿನ ಮೆಟ್ಟಿಲು ಒರೆಸುತ್ತಿದ್ದಳು. ಉಗುರಿನ ಗುಲಾಬಿ ಬಣ್ಣ ಇನ್ನೂ ಹೋಗಿರಲಿಲ್ಲ. ಇಳಿದವನು ಹಿಂದಿರುಗಿಲ್ಲ ಎಂದು ಗೊತ್ತಿದ್ದೂ, ನಿಯಮದ ಪ್ರಕಾರ ಧ್ವನಿವರ್ಧಕದಲ್ಲಿ ಎಲ್ಪಿದಿಯೊನ ಪೂರ್ತಿ ಹೆಸರು ಕೂಗಿದರು. ತಕ್ಷಣ ಕಚೇರಿಗೆ ಬರಬೇಕು ಅಂದರು. ಎರಡನೇ ಸಲ ಕೂಗಿದರು. ಮೂರನೇ ಸಲವೂ ಕೂಗಿದರು.

ಸ್ಟ್ರೌಡ್ ಕ್ಯಾಸಿನೋ ಕಡೆಯಿಂದ ಬಂದ. ಮೂರನೇ ಬಿಟ್ಟಿ ಯಾನ. ಒದ್ದೆ ಮೆಟ್ಟಿಲ ಮೇಲೆ ಕಾಲಿಡುತ್ತ, ಅವಳು ಯಾರೆಂದು ಗುರುತಿಸದೆ ಕೇಳಿದ.

"ಏಯ್, ನಮ್ಮ ಎಲ್ಪಿ ಎಲ್ಲಿ? ಕೋಣೆಯಲ್ಲಿ ಯಾವನೋ ಹೊಸಬ ಇದಾನೆ. ಅವನಿಗೆ ಆನೆ ಮಾಡೋಕೇ ಬರಲ್ಲ."

ನೊರ್ಮಿತಾ ಕೋಲನ್ನು ಬಕೆಟ್ಟಿಗೆ ಅದ್ದಿ ಹಿಂಡಿದಳು.

"ಕನ್ನಡಕ ತರೋಕೆ ಹೋಗಿದಾನೆ" ಅಂದಳು.