ಅವ್ವನ ಓರಗೆಯ ದೋಣಿ

ನಮ್ಮವ್ವ ಮರಿತಾಯಮ್ಮನನ್ನು ವಯಸ್ಸೆಷ್ಟು ಎಂದು ಕೇಳಿದರೆ, ಹೆಮ್ಮಿಗೆಯಲ್ಲಿರುವ ತನ್ನಪ್ಪನ ಹಾಯಿದೋಣಿಯಷ್ಟು ಎನ್ನುತ್ತಿದ್ದಳು. ದೋಣಿಗೆಷ್ಟು ಎಂದರೆ ನನ್ನಷ್ಟು ಎನ್ನುತ್ತಿದ್ದಳು. ನಂಜನಗೂಡಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನಗೆ ಈ ಉತ್ತರ ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ತಾನು ಹುಟ್ಟಿದ ಸಂತೋಷಕ್ಕೇ ಅಪ್ಪ ಅದನ್ನು ಮಾಡಿದ್ದು ಎಂಬುದು ಅವ್ವನ ನಂಬಿಕೆ. ಆದರೆ ಅದೇ ಅಪ್ಪ, ಊರವರನ್ನೆಲ್ಲ ಕಾವೇರಿ ದಾಟಿಸಿದ ಕರಿಯಯ್ಯ, ಮಗಳನ್ನು ಮಾತ್ರ ಒಂದು ದಿನವೂ ದೋಣಿ ಹತ್ತಿಸಲಿಲ್ಲ. ಹತ್ತಿರ ಹೋದರೆ ಹುಟ್ಟು ಎತ್ತಿ ಗದರಿಸುತ್ತಿದ್ದನಂತೆ. ಅವ್ವ ಅದರಲ್ಲಿ ಕೂತದ್ದು ಕನಸಿನಲ್ಲಿ ಮಾತ್ರ. ಹಳೆ ಸೀರೆಗಳನ್ನು ಕೂಡಿಸಿ ಹೊಲಿದ ಹಾಯಿ ಮೆಲ್ಲಗೆ ಉಬ್ಬುತ್ತದಂತೆ, ನೀರಿಗೆ ಸದ್ದೇ ಇರುವುದಿಲ್ಲವಂತೆ, ಮುಡುಕುತೊರೆ ಬೆಟ್ಟ ತಾನೇ ಎದ್ದು ಹತ್ತಿರ ಬರುತ್ತದಂತೆ. ಅಪ್ಪನ ಮುಖ ಮಾತ್ರ ಕಾಣುವುದಿಲ್ಲ.

"ನನ್ ಕಂಡ್ರೆ ಅಪ್ಪಂಗೆ ಆಯ್ತಿರ್ನಿಲ್ಲ ಕಣೆ ರಂಜಿನಿ," ಎಂದು ಹೇಳಿ ಹಾಲು ಕಾಯಿಸಲು ಏಳುತ್ತಿದ್ದಳು.

ತೊಂಬತ್ತಾರರ ಬೇಸಗೆಯಲ್ಲಿ, ಈ ಲೆಕ್ಕ ಬಗೆಹರಿಯಲೇಬೇಕೆಂದು ಅವಳನ್ನು ಹೆಮ್ಮಿಗೆಗೆ ಕರೆದುಕೊಂಡು ಹೋದೆ. ದೋಣಿ ಕೊಟ್ಟಿಗೆಯಲ್ಲಿ ಒಣಹುಲ್ಲು ಹೊತ್ತು ಕೂತಿತ್ತು. ಮೊಳೆಗಳಲ್ಲಿ ಕೆಲವು ಕುಲುಮೆಯವು, ಕೆಲವು ಅಂಗಡಿಯವು. ವರ್ಷವರ್ಷವೂ ಬಳಿದ ಡಾಂಬರು ರೊಟ್ಟಿಯಷ್ಟು ದಪ್ಪ. ಎಲ್ಲಾದರೂ ಇಸವಿ ಕೆತ್ತಿದ್ದಾರೇನೋ ಎಂದು ಕೆರೆದು ಕೆರೆದು ನನ್ನ ಉಗುರು ಹೋಯಿತೇ ಹೊರತು ದೋಣಿಯ ವಯಸ್ಸು ಗೊತ್ತಾಗಲಿಲ್ಲ.

ಕರಿಯಯ್ಯನ ತಂಗಿ ಕೆಂಪಾಜಮ್ಮ ಬಾಗಿಲ ಬಳಿ ಎಲೆಅಡಿಕೆ ಜಗಿಯುತ್ತ ಕೂತಿದ್ದಳು. ಯಾವ ಮರದ್ದಜ್ಜಿ ಇದು ಎಂದೆ.

"ದೊಡ್ಡೊಳೆ ಬಂದಾಗ ತೇಲ್ಕಂಡ್ ಬಂದಿದ್ ಮಾವಿನ ಮರ. ನಿಮ್ಮವ್ವ ಉಟ್ಟಿದ್ದು ಅದಾಗಿ ನಾಕ್ ವರ್ಸಕ್ಕೆ."

ದೊಡ್ಡ ಹೊಳೆ, ಕಾವೇರಿಯ ಆ ಮಹಾಪೂರ, ಬಂದದ್ದು ಇಪ್ಪತ್ತನಾಲ್ಕರಲ್ಲಿ. ಅವ್ವನ ವಯಸ್ಸು ಕೊನೆಗೂ ಸಿಕ್ಕಿತು.

"ನಾನ್ ಉಟ್ಟೋಗಂಟ ಮರ ಒಣಗಾಕಿದ್ರು," ಎಂದಳು ಅವ್ವ ಹೆಮ್ಮೆಯಿಂದ.

"ಒಳೆ ಕೊಟ್ಟ ಮರವ ಮನೇಲಿ ಮಡಿಕಂಡಾರ ಮಗ? ವರ್ಸ ತುಂಬೋದ್ರೊಳ್ಗೆ ದೋಣಿ ಮಾಡಿ ಒಳೆಗೇ ಬುಡಬೇಕು. ಇಲ್ದಿದ್ರೆ ಒಳೆನೇ ಮನೆಗೆ ಬತ್ತದೆ."

ಹಾಗಾದರೆ ದೋಣಿ ಅವ್ವನಿಗಿಂತ ದೊಡ್ಡದು. ಅವ್ವನ ಮುಖ ಇಳಿದುಹೋಯಿತು.

"ಮತ್ತೆ ಯಾರ್ಗೆ ಅಂತ ಮಾಡಿದ್ದು ಅತ್ತೆ?"

ಮುದುಕಿ ಬಾಯಲ್ಲಿದ್ದ ಎಲೆಅಡಿಕೆಯನ್ನು ಆಚೆಗೆ ಉಗುಳಿದಳು.

"ಎಸ್ರು ಎತ್ಬ್ಯಾಡಿ ಅಂತ ಅಣ್ಣ ಆಣೆ ಇಕ್ಕಿದ್ದ. ನಿಂಗೊಬ್ಳು ಅಕ್ಕ ಇದ್ಲು ಕಣ್ ಮಗ. ಶಿವನಂಜಿ. ಅವಳು ಉಟ್ಟಿದ್ ವರ್ಸ್ವೇ ಈ ದೋಣಿ ನೀರ್ಗಿಳಿದಿದ್ದು. ಅಪ್ಪನ್ನ ಬುಟ್ಟು ಇರ್ತಿರ್ನಿಲ್ಲ ಕೂಸು. ನೀನು ಒಟ್ಟೇಲಿದ್ದೆ. ಗಾಳಿ ತಿರುಗ್ತು, ಹಾಯಿ ಬಿದಿರು ಬೀಸಿ ಕೂಸ್ಗೆ ತಾಗ್ತು, ಕೂಸು ಒಳೆ ಪಾಲಾಯ್ತು. ಉಡುಕ್ತಾ ಉಡುಕ್ತಾ ಎಸ್ಟೋ ದಿನ ಅಣ್ಣ ಒಳೆ ಬುಟ್ಟು ಮ್ಯಾಕೇ ಬರ್ನಿಲ್ಲ. ಆಮ್ಯಾಕೆ ನೀನುಟ್ದೆ."

ಅವ್ವ ದೋಣಿಯ ಅಂಚು ಹಿಡಿದುಕೊಂಡು ಮಗುವಿನ ಹಾಗೆ ಅತ್ತಳು. ನನಗೂ ಅಳು ಬಂತು, ಅಜ್ಜನ ಮೇಲೆ ಸಿಟ್ಟೂ ಬಂತು. ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅರವತ್ತೆಂಟು ವರ್ಷ ಅವ್ವ ತಾನು ಬೇಡದ ಮಗಳು ಎಂದುಕೊಂಡೇ ಬದುಕಿದಳಲ್ಲ!

ದೋಣಿಯೊಳಗಿನ ಹುಲ್ಲನ್ನೆಲ್ಲ ಬಾಚಿ ಹೊರಗೆ ಹಾಕಿದೆ.

"ಕೂತ್ಕೊ ಅವ್ವ. ನೀರೂ ಇಲ್ಲ, ಬೈಯೋರೂ ಇಲ್ಲ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಭುಜ ಹಿಡಿದು ಕಾಲೆತ್ತಿದಳು. ಅಷ್ಟಕ್ಕೇ ನಿಂತಳು. ಕಾಲನ್ನು ಮೆಲ್ಲಗೆ ನೆಲಕ್ಕೆ ಇಳಿಸಿದಳು.

"ಬ್ಯಾಡ ಕಣೆ. ಅಪ್ಪ ಎದರ್ಕತ್ತದೆ."